ಒಂದೇ ಕೈ

ಅಕ್ಕನಿಗೆ ಕಿವಿ ಮಂದವಾಗುತ್ತಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದಾಗ ನಾನು ಅಮ್ಮನ ಮೇಲೇ ಹರಿಹಾಯ್ದೆ. ಮಾತಿಗೂ ಒಂದು ಮಿತಿ ಬೇಡವೇ? ಊರಿಗೆ ಊರೇ ಕಿವುಡಾದರೂ ಕಟ್ಟಕಡೆಗೆ ಆಗಬೇಕಾದವಳು ನಮ್ಮಕ್ಕ. ಹಕ್ಕಿ ನೋಡುವವರ ನಮ್ಮ ಗುಂಪಿನಲ್ಲಿ ಅವಳಿಗಿಟ್ಟ ಅಡ್ಡಹೆಸರೇ ‘ಕಿವಿ’.

“ನಿನಗೆ ಸಿಟ್ಟು ಬಂದ್ರೆ ಬರ್ಲಿ,” ಎಂದಳು ಅಮ್ಮ. “ಮೊನ್ನೆ ಶಾಲೆ ಅಂಗಳದಲ್ಲಿ ಇವಳು ಬಸ್ ಹಿಂದಕ್ಕೆ ತಗೊಳ್ವಾಗ ಒಂದು ಮಗು ನಿಲ್ಸಿ ನಿಲ್ಸಿ ಅಂತ ಕಿರುಚ್ಕೊಳ್ತಿತ್ತಂತೆ. ನಿಲ್ಲಿಸ್ಲೇ ಇಲ್ಲ. ಮಗುವಿನ ಚೀಲ ಚಕ್ರದಡಿ ಅಪ್ಪಚ್ಚಿ ಆಯ್ತು. ಪುಣ್ಯಕ್ಕೆ ಬರೀ ಚೀಲ.”

“ಕನ್ನಡೀಲಿ ಕಂಡಿರಲ್ಲ. ಅದಕ್ಕೂ ಕಿವಿಗೂ ಏನಮ್ಮ ಸಂಬಂಧ?”

“ನಾಳೆ ಇಡೀ ದಿನ ಅವಳ ಜೊತೇಲೇ ಇರ್ತೀಯಲ್ಲ, ನೀನೇ ನೋಡು. ನಿನ್ನ ಮಗಳೂ ಅದೇ ಬಸ್ಸಲ್ಲಿ ಹೋಗೋದು, ನೆನಪಿರ್ಲಿ.”

ಆ ಕೊನೆಯ ಮಾತು ಮುಳ್ಳಿನ ಹಾಗೆ ಒಳಗೆ ಉಳಿದುಬಿಟ್ಟಿತು. ಅಕ್ಕ ಶಾಲೆಯ ಬಸ್ಸು ಓಡಿಸುತ್ತಾಳೆ. ಮದುವೆ ಬೇಡ, ಬಸ್ಸು ಸಾಕು ಎಂದವಳು ಅವಳು, ತಮಾಷೆಗೆ ಹೇಳಿದ್ದಲ್ಲ. ಬೆಳಿಗ್ಗೆ ಮಕ್ಕಳನ್ನು ಮನೆಮನೆಯಿಂದ ಹತ್ತಿಸಿಕೊಂಡು, ಸಂಜೆ ಮನೆಮನೆಗೆ ಇಳಿಸಿ, ಸೀಟಿನಡಿ ಬಿದ್ದ ಪೆನ್ಸಿಲ್ಲು, ಒಂಟಿ ಕಾಲುಚೀಲ ಹೆಕ್ಕಿ ಜೋಪಾನ ಮಾಡಿದರೆ ಅವಳ ದಿನ ತುಂಬುತ್ತದೆ. ಮಕ್ಕಳು ಅವಳನ್ನು ಕರೆಯುವುದೇ ಬಸ್ಸಮ್ಮ ಎಂದು. ಅವಳ ಕಿವಿ ಹೋಯಿತು ಎಂದಾದರೆ ಬಸ್ಸೂ ಹೋಯಿತು. ಬಸ್ಸಿಲ್ಲದ ಅಕ್ಕನನ್ನು ನನ್ನ ಕೈಲಿ ಊಹಿಸಿಕೊಳ್ಳಲೂ ಆಗಲಿಲ್ಲ.

ನನ್ನ ಮಗಳು ಪುಟ್ಟಿ ಕೂರುವುದು ಚಾಲಕಿಯ ಸೀಟಿನ ಹಿಂದೆಯೇ. ದಾರಿಯುದ್ದಕ್ಕೂ ದೊಡ್ಡಮ್ಮನ ಬೆನ್ನಿಗೆ ಮಾತಾಡುತ್ತಲೇ ಇರುತ್ತಾಳೆ, ಬಾಯಿಯ ವಿಷಯದಲ್ಲಿ ನನ್ನನ್ನೇ ಹೋಲುತ್ತಾಳೆ. ಒಂದು ದಿನ ಮನೆಗೆ ಬಂದು, “ಅಮ್ಮಾ, ದೊಡ್ಡಮ್ಮ ಏನ್ ಕೇಳಿದ್ರೂ ಹೂಂ ಅಂತಾಳೆ. ಬಸ್ಸಿನ ಹಿಂದಿನ ಸೀಟಲ್ಲಿ ಕುದುರೆ ಸಾಕೋಣ್ವಾ ಅಂದೆ. ಹೂಂ ಅಂದ್ಲು!” ಎಂದಿದ್ದಳು. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಅಮ್ಮ ಫೋನಿಟ್ಟ ಮೇಲೆ ಅದೇ ನೆನಪಾಯಿತು, ನಗು ಮಾತ್ರ ಬರಲಿಲ್ಲ.

ಮರುದಿನ ವಸಂತದ ಹಕ್ಕಿ ಎಣಿಕೆ. ವರ್ಷಕ್ಕೊಮ್ಮೆ ನಮ್ಮ ಗುಂಪು ಜೋಡಿ ಜೋಡಿಯಾಗಿ ಹೊರಡುತ್ತದೆ. ಮಧ್ಯಾಹ್ನದವರೆಗೆ ಕಾಡು, ಆಮೇಲೆ ಕಡಲಂಚಿನ ಜೌಗು, ಕತ್ತಲಾಗುವ ಮುಂಚೆ ಎಲ್ಲರೂ ದೋಣಿ ಇಡುವ ಹಳೇ ಕೊಟ್ಟಿಗೆಯಲ್ಲಿ ಸೇರಬೇಕು. ನಿಯಮ ಒಂದೇ: ಜೋಡಿಯ ಇಬ್ಬರೂ ನೋಡಿರಬೇಕು ಅಥವಾ ಇಬ್ಬರೂ ಕೇಳಿರಬೇಕು. ಒಬ್ಬರಿಗೆ ಮಾತ್ರ ಸಿಕ್ಕಿದ ಹಕ್ಕಿ ಲೆಕ್ಕಕ್ಕಿಲ್ಲ. ಸಂಜೆ ಹಿರಿಯಳಾದ ಟಪಾಲಜ್ಜಿ, ಅಂಚೆ ಕಚೇರಿಯಲ್ಲಿ ಜೀವಮಾನವೆಲ್ಲ ಹೆಸರು ಕೂಗಿ ಗಂಟಲು ಗಟ್ಟಿ ಮಾಡಿಕೊಂಡವಳು, ಒಂದೊಂದೇ ಹಕ್ಕಿಯ ಹೆಸರು ಕೂಗುತ್ತಾಳೆ. ಸಿಕ್ಕಿದವರು ಕೈ ಎತ್ತಬೇಕು. ಕೂರುವುದು ಮಾತ್ರ ಬೆನ್ನಿಗೆ ಬೆನ್ನು ಕೊಟ್ಟು. ಔಷಧಿ ಅಂಗಡಿಯ ಗಂಡ ಹೆಂಡತಿ ಒಂದು ವರ್ಷ ಮೊಣಕೈಯಿಂದ ತಿವಿದು ತಿವಿದು ಕೈ ಎತ್ತಿಸಿಕೊಂಡರು ಎಂದು ದೊಡ್ಡ ರಂಪವಾಗಿತ್ತು. ಅವತ್ತಿನಿಂದ ಟಪಾಲಜ್ಜಿ ಕುರ್ಚಿಗಳನ್ನು ತಿರುಗಿಸಿ ಹಾಕಿಸಿದಳು. ಜೋಡಿಯಲ್ಲಿ ಒಬ್ಬರ ಕೈ ಮಾತ್ರ ಮೇಲೆದ್ದರೆ “ಒಂದೇ ಕೈ!” ಎಂದು ಕೂಗುತ್ತಾಳೆ. ಹಕ್ಕಿ ಹೋಯಿತು ಎಂದೇ ಲೆಕ್ಕ. ಯಾಕೆ ಏನು ಎಂದು ಯಾರೂ ಕೇಳುವ ಹಾಗಿಲ್ಲ.

ನಮ್ಮ ಜೋಡಿಯಲ್ಲಿ ಒಂಟಿ ಕೈ ಯಾವಾಗಲೂ ನನ್ನದೇ. ನನ್ನ ಅಡ್ಡಹೆಸರು ಗಿರಗಿಟ್ಲೆ. ನಿಂತಲ್ಲಿ ನಿಲ್ಲಲಾರೆ, ಎಲೆ ಅಲ್ಲಾಡಿದರೂ ಹಕ್ಕಿ ಎನ್ನುತ್ತೇನೆ. ಅಕ್ಕನ ಕೈ ಮಾತ್ರ ಒಂದು ಸಲವೂ ಸುಳ್ಳಾಗಿರಲಿಲ್ಲ.

ಬೆಳಕು ಹರಿಯುವ ಮೊದಲೇ ಅಕ್ಕ ತನ್ನ ಹಳೇ ವ್ಯಾನು ತಂದು ಬಾಗಿಲಲ್ಲಿ ನಿಲ್ಲಿಸಿದಳು. ನಾನು ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಓಡಾಡಿ, ದುರ್ಬೀನು ಮರೆತು ಮತ್ತೆ ಓಡಿ, ಕೊನೆಗೂ ಹತ್ತಿದೆ.

“ಯಾಕೇ, ಮುಖ ಹೀಗೆ ಊದಿದೆ? ಗಂಡನ ಜೊತೆ ಜಗಳಾನಾ?”

“ಅವರ ಜೊತೆ ಜಗಳ ಆಡೋಕೂ ಅವರು ಎದ್ದಿರ್ಬೇಕಲ್ಲ,” ಎಂದೆ. ಅಕ್ಕ ನಕ್ಕಳು. ಕೇಳಿಸಿತು! ನನಗೆ ಎಷ್ಟು ಸಂತೋಷವಾಯಿತೆಂದರೆ ಮನಸ್ಸಿನಲ್ಲೇ ಅಮ್ಮನಿಗೆ ನಾಲ್ಕು ಬೈದುಕೊಂಡೆ. ಆಮೇಲೆ ಹೊಳೆಯಿತು, ನಾನು ಮಾತಾಡುವಾಗ ಅವಳು ಗಾಡಿ ಹೊರಡಿಸದೆ ನನ್ನ ತುಟಿಯನ್ನೇ ನೋಡುತ್ತಿದ್ದಳು. ಆದರೆ ಅದೇನು ತಪ್ಪೇ? ಮಾತಾಡುವವರ ಮುಖ ನೋಡುವುದು ಮರ್ಯಾದೆ.

ಹೀಗೆ ಶುರುವಾಯಿತು ನನ್ನ ದಿನ. ಒಂದು ಸಲ ಹೌದು, ಇನ್ನೊಂದು ಸಲ ಅಲ್ಲ.

ಕಾಡಿನ ಅಂಚಿನಲ್ಲಿ ವ್ಯಾನು ಬಿಟ್ಟು ನಡೆಯತೊಡಗಿದೆವು. ಹೊಸ ಚಿಗುರು, ಒದ್ದೆ ಮಣ್ಣು, ತಲೆಯ ಮೇಲೆ ಹಕ್ಕಿಗಳ ಸಂತೆ. ಅಕ್ಕ ಹೇಳಿದಳು, “ಈ ಸಲ ನೀನೇ ಮೊದಲು ಹೇಳ್ತಾ ಹೋಗು. ಎಷ್ಟು ವರ್ಷ ಅಂತ ನನ್ನ ಕಿವೀಲಿ ಕೇಳ್ತೀಯ? ನೀನೂ ಕಲೀಬೇಕಲ್ಲ.”

“ಈ ವಯಸ್ಸಲ್ಲಿ ನನಗೆ ಪಾಠ ಬೇರೆ,” ಎಂದು ಗೊಣಗಿದೆ. ಗೊಣಗಿದ್ದು ಅವಳಿಗೆ ತಲುಪಿತೋ ಇಲ್ಲವೋ, ಮುಂದೆ ನಡೆದುಬಿಟ್ಟಳು.

ಹಳ್ಳದ ಆಚೆ, ಎಲ್ಲೋ ದೂರದಲ್ಲಿ ಕೋಗಿಲೆ ಕೂಗಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಬೆರಳೆತ್ತಿದಳು. “ಕೋಗಿಲೆ. ಹಳ್ಳದಾಚೆ, ಒಣಮರದ ಕಡೆ.” ಅಷ್ಟು ದೂರದ್ದು! ಒಂದು ಗಳಿಗೆ ಕಳೆದು ಮರಕುಟಿಗ ಕಾಂಡ ಬಡಿಯಿತು. ಅದನ್ನೂ ಅವಳೇ ಮೊದಲು ಹಿಡಿದಳು. ನನಗೆ ಕುಣಿಯುವಂತಾಯಿತು. ನೋಡಮ್ಮ, ನೋಡು ನಿನ್ನ ಮಗಳ ಕಿವಿ!

ಆಮೇಲೆ ಒಂದು ಚೇಕಡಿ ಹಕ್ಕಿಗಳ ದಂಡು ನಮ್ಮ ತಲೆಯ ಮೇಲಿನ ಕೊಂಬೆಯಲ್ಲೇ ಚಿಂವ್ ಚಿಂವ್ ಎನ್ನುತ್ತ ಹೋಯಿತು. ಎಲೆ ದಟ್ಟವಾಗಿದ್ದರಿಂದ ಒಂದೂ ಕಾಣಲಿಲ್ಲ, ದನಿ ಮಾತ್ರ. ಅಕ್ಕ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು. ತಲೆಯೆತ್ತಲಿಲ್ಲ.

“ಚೇಕಡಿ,” ಎಂದೆ.

“ಹೂಂ, ಕೇಳಿಸ್ತು,” ಎಂದಳು. ಹೇಳುವಾಗ ಅವಳ ಕಣ್ಣು ಮರದ ಮೇಲಿರಲಿಲ್ಲ, ನನ್ನ ಮೇಲಿತ್ತು. ನಾನು ಎತ್ತ ನೋಡುತ್ತೇನೆ ಎಂದು ನೋಡಿ ಅತ್ತ ತಲೆ ಆಡಿಸಿದಳು.

ಹಳ್ಳದ ಬಳಿ ಮಿಂಚುಳ್ಳಿಯೊಂದು ಸೀಟಿ ಊದಿಕೊಂಡು ಅವಳ ಬೆನ್ನ ಹಿಂದೆಯೇ ಹಾರಿಹೋಯಿತು. ಮುಂಚಿನ ಅಕ್ಕನಾಗಿದ್ದರೆ ಬುಗುರಿಯ ಹಾಗೆ ತಿರುಗುತ್ತಿದ್ದಳು. ಈಗ ನೀರಿನಾಚೆಯ ಕಲ್ಲನ್ನೇ ನೋಡುತ್ತ ನಿಂತಿದ್ದಳು. ಮಿಂಚುಳ್ಳಿ ಎಂದು ನಾನು ಹೇಳಲಿಲ್ಲ. ಹೇಳಿದರೆ ಅವಳು ಹೂಂ ಎನ್ನುತ್ತಾಳೆ, ಆ ಹೂಂ ನನಗೆ ಬೇಡವಾಗಿತ್ತು.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗೋಡೆಯ ಮೇಲಿನ ಅಕ್ಷರದ ಹಲಗೆ ಓದಿಸಿ ಕಣ್ಣು ನೋಡುವುದು ನನ್ನ ದಿನದ ಕೆಲಸ. ಕನ್ನಡಕ ಬೇಡವೆಂದು ಹಟ ಹಿಡಿದವರು ಕೆಲವರಿರುತ್ತಾರೆ; ಸರದಿಯಲ್ಲಿ ಕೂತಿದ್ದಾಗಲೇ ಮುಂದಿನವರು ಓದುವುದನ್ನು ಕೇಳಿ ಹಲಗೆ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಪಟಪಟ ಒಪ್ಪಿಸುತ್ತಾರೆ. ನಾನು ಏನೂ ಅನ್ನುವುದಿಲ್ಲ. ಕೊನೆಯ ಸಾಲಿನ ಕೆಳಗೆ, ಏನೂ ಬರೆಯದ ಬಿಳಿ ಜಾಗಕ್ಕೆ ಕಡ್ಡಿ ಇಟ್ಟು, “ಇದೊಂದು ಸಾಲು ಓದಿ,” ಎನ್ನುತ್ತೇನೆ. ಕಣ್ಣು ಕಿರಿದು ಮಾಡಿ ಇಲ್ಲದ ಅಕ್ಷರ ಓದುತ್ತಾರೆ ಪಾಪ. ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ಅದು ನನಗೆ ತಮಾಷೆ. ಸಂಜೆ ಮನೆಗೆ ಬಂದು ಹೇಳಿಕೊಂಡು ನಗುತ್ತೇನೆ ಕೂಡ.

ನಮ್ಮ ಕಾಡಿನಲ್ಲಿ ಹೆಬ್ಬೆರಳಿನಷ್ಟು ಒಂದು ಹಕ್ಕಿ ಇದೆ, ಅದರ ದನಿ ಎಷ್ಟು ಸಣ್ಣದೆಂದರೆ ಗುಂಪಿನ ಅರ್ಧ ಜನಕ್ಕೆ ಕೇಳಿಸುವುದೇ ಇಲ್ಲ. ಅಕ್ಕ ಅದಕ್ಕೆ ಸೂಜಿ ಎಂದು ಹೆಸರಿಟ್ಟಳು, ಎಲ್ಲರೂ ಹಾಗೇ ಕರೆಯತೊಡಗಿದರು. ಒಂದು ಕಾಲದಲ್ಲಿ ಓಡುವ ಬಸ್ಸಿನೊಳಗೆ ಕೂತು, “ಸೂಜಿ ಇದೆ ಇಲ್ಲಿ,” ಎನ್ನುತ್ತಿದ್ದವಳು ಅವಳು. ಹೋದ ವರ್ಷ ಮಾತ್ರ ಒಂದೂ ಸಿಗಲಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು. ಸೂಜಿ ಹೋಯಿತು, ಕಾಡು ಹಾಳಾಯಿತು ಎಂದು ಮರ ಕೊಯ್ಯುವ ಕಾರ್ಖಾನೆಗೇ ಹೋಗಿ ಅಲ್ಲಿಯವರಿಗೆ ಛೀಮಾರಿ ಹಾಕಿ ಬಂದಿದ್ದಳು. ಅವರಿಗೆ ಸೂಜಿ ಎಂದರೆ ಯಾವ ಸೂಜಿ ಎಂದೇ ಗೊತ್ತಾಗಿರಲಿಲ್ಲವಂತೆ.

ಹಳ್ಳ ದಾಟಿ ಏರು ಹತ್ತಿದೆವು. ಗಾಳಿ ನಿಂತಿತ್ತು. ಒಂದು ಹಕ್ಕಿಯೂ ಉಸಿರೆತ್ತುತ್ತಿರಲಿಲ್ಲ. ನಾನು ಬೇಕೆಂದೇ ನಿಂತು, ಏನೂ ಇಲ್ಲದ ಕಡೆ ಮುಖ ತಿರುಗಿಸಿ ಹೇಳಿದೆ: “ಅಕ್ಕಾ, ಸೂಜಿ!”

ಅಕ್ಕ ನಿಂತಳು. ಎಂದಿನ ಹಾಗೆ ಕಣ್ಣು ಮುಚ್ಚಿ, ತಲೆ ಒಂದು ಕಡೆಗೆ ವಾಲಿಸಿ, ಬೆರಳೆತ್ತಿದಳು. ನಾನು ಒಳಗೊಳಗೇ ಬೇಡಿಕೊಂಡೆ. ಇಲ್ಲ ಅನ್ನು. ನಿನಗೆಲ್ಲೋ ಭ್ರಮೆ ಕಣೇ ಅನ್ನು. ಬೈಯಿ ನನಗೆ.

“ಹೂಂ,” ಎಂದಳು. ಮುಖ ಅರಳಿತ್ತು. “ಎಡಗಡೆ. ಎರಡಿವೆ.”

ಬರೀ ಹೂಂ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಎರಡಿವೆಯಂತೆ!

ಆಮೇಲೆ ನಾನು ಹೇಳಬೇಕಿತ್ತು. ಅಲ್ಲೇ, ಆ ಏರಿನಲ್ಲೇ, ಇಬ್ಬರೇ ಇದ್ದಾಗಲೇ. ಬಾಯಿ ಬಡಕಿ ಎಂದು ಹೆಸರಾದ ನನಗೆ ಬಾಯೇ ಬರಲಿಲ್ಲ. ಸಿಟ್ಟು ಮಾತ್ರ ಬಂತು, ಅದಕ್ಕೇನು ಬರ. ಊಟಕ್ಕೆ ಕೂತಾಗ ಅವಳು ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಚ್ಚಿಟ್ಟು, ಸೇಬು ಹೆಚ್ಚಿ ಚಿಕ್ಕಂದಿನಲ್ಲಿ ಕೊಡುತ್ತಿದ್ದ ಹಾಗೆ ದೊಡ್ಡ ಹೋಳು ನನ್ನ ಕಡೆ ತಳ್ಳಿದಳು. ನಾನು ಫ್ಲಾಸ್ಕಿನ ಮುಚ್ಚಳ ಸರಿಯಾಗಿ ಹಾಕಿಲ್ಲ, ಚಹಾ ಎಲ್ಲ ಚೀಲಕ್ಕೆ ಸೋರಿದೆ ಎಂದು ಕೂಗಾಡಿದೆ.

“ಮುಚ್ಚಳಕ್ಕೆ ಇಷ್ಟು ಸಿಟ್ಟಾ? ಮೂಗಿನ ತುದೀಲೇ ಇರುತ್ತಲ್ಲೇ ನಿನಗೆ,” ಎಂದು ಅಕ್ಕ ತನ್ನ ಪಾಲಿನ ಚಹಾವನ್ನೂ ನನ್ನ ಲೋಟಕ್ಕೆ ಸುರಿದಳು. ಕೂಗಿದ್ದು ಕೇಳಿಸಿತ್ತು.

ಜೌಗಿಗೆ ಬಂದಾಗ ನೀರು ಇಳಿಯುತ್ತಿತ್ತು. ಕೆಸರು ಹೊಳೆಯುತ್ತ ಕಣ್ಣಿಗೆ ಕಾಣುವಷ್ಟು ದೂರ ಹರಡಿತ್ತು. ಅದರ ತುಂಬ ಉದ್ದ ಕಾಲಿನ, ಗಿಡ್ಡ ಕಾಲಿನ, ಕೊಕ್ಕು ನೆಟ್ಟು ನೆಟ್ಟು ಓಡಾಡುವ ಹಕ್ಕಿಗಳು. ಇಲ್ಲಿ ಅಕ್ಕ ಮತ್ತೆ ಹಳೇ ಅಕ್ಕನಾದಳು. ಬಾಗಿದ ಕೊಕ್ಕಿನ ದೊಡ್ಡ ಹಕ್ಕಿಯೊಂದು ದೂರದ ಹುಲ್ಲಿನಿಂದ ಕೂಗಿದ್ದು ಅವಳಿಗೇ ಮೊದಲು ಕೇಳಿಸಿತು. ಟಿಟ್ಟಿಭ ಕಿರುಚಿದರೆ, “ಓ, ಇವರ ಗಲಾಟೆ ಶುರುವಾಯ್ತು,” ಎಂದು ನಕ್ಕಳು. ಬಾತುಗಳನ್ನು ಕಣ್ಣಿಗೂ ಮುಂಚೆ ದನಿಯಿಂದ ಹೇಳಿದಳು.

ನನ್ನ ತಲೆ ಚಿಟ್ಟು ಹಿಡಿಯಿತು. ಹಾಗಾದರೆ ಕಾಡಿನಲ್ಲಿ ನಿಜವಾಗಿಯೂ ಸೂಜಿ ಇತ್ತೇನು? ನಾನು ಸುಳ್ಳು ಎಂದುಕೊಂಡು ಹೇಳಿದೆ, ಅದು ನಿಜವೇ ಆಗಿ, ಕೇಳಿಸದೆ ಹೋದದ್ದು ನನಗೇ ಏನು? ಎರಡಿವೆ ಎಂದಳಲ್ಲ, ಅಷ್ಟು ಖಚಿತವಾಗಿ! ಕಿವಿ ಮಂದವಾದದ್ದು ನನ್ನದೇ ಆಗಿರಬಾರದೇಕೆ? ಆಗಲಿ, ದೇವರೇ, ನನ್ನದೇ ಆಗಲಿ. ನಾನು ಅಕ್ಷರದ ಹಲಗೆಗೆ ಕಡ್ಡಿ ಇಡುವವಳು, ನನಗೇನು ನಷ್ಟ? ಒಂದಷ್ಟು ಹೊತ್ತು ನಾನು ಆ ಆಸೆಯ ಮೇಲೇ ನಡೆದೆ.

ಏರಿಯ ಮೇಲಿನ ಕಾಲುದಾರಿಯಲ್ಲಿ ಅಕ್ಕ ಮುಂದೆ, ನಾನು ಹಿಂದೆ. ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿಸಿತು. ಟ್ರಿಣ್, ಟ್ರಿಣ್. ನಾನು ಪಕ್ಕಕ್ಕೆ ಸರಿದೆ. ಅಕ್ಕ ದಾರಿಯ ನಟ್ಟನಡುವೆ ಹೋಗುತ್ತಲೇ ಇದ್ದಳು. ಗಂಟೆ ಮತ್ತೆ ಮತ್ತೆ ಬಡಿಯಿತು. ನಾನು ಓಡಿ ಅವಳ ತೋಳು ಹಿಡಿದು ಎಳೆಯುವಷ್ಟರಲ್ಲಿ ಸೈಕಲ್ಲಿನವನು ತಪ್ಪಿಸಲು ಹೋಗಿ ಏರಿಯ ಕೆಳಗೆ ಕೆಸರಿಗೆ ಇಳಿದೇಬಿಟ್ಟ.

“ಏನಮ್ಮಾ, ಕಿವಿ ಕೇಳ್ಸಲ್ವಾ?” ಎಂದು ಅರಚಿದ.

“ಏನಯ್ಯಾ ಅದು ಮಾತು? ನಿನಗೆ ಕಣ್ಣು ಕಾಣ್ಸಲ್ವಾ? ನಿಧಾನಕ್ಕೆ ಬರೋಕೇನು ಧಾಡಿ?” ನಾನು ಅವನ ಮೇಲೆ ಏರಿಹೋದೆ. ಪಾಪದ ಮನುಷ್ಯ, ಮೊಣಕಾಲವರೆಗೆ ಕೆಸರಾಗಿತ್ತು, ಏನೂ ತಪ್ಪು ಮಾಡಿರಲಿಲ್ಲ. ಗೊಣಗಿಕೊಂಡು ಸೈಕಲ್ಲು ತಳ್ಳಿಕೊಂಡು ಹೋದ. ನಿನ್ನೆ ಅಮ್ಮನಿಗೆ ಕೂಗಿದೆ, ಮಧ್ಯಾಹ್ನ ಮುಚ್ಚಳಕ್ಕೆ ಕೂಗಿದೆ, ಈಗ ಇವನಿಗೆ. ಹೇಳಬೇಕಾದವಳಿಗೆ ಮಾತ್ರ ಹೇಳುತ್ತಿಲ್ಲ.

“ಹಕ್ಕಿ ನೋಡ್ತಾ ಇದ್ದೆ ಕಣೇ, ಗಮನ ಇರ್ಲಿಲ್ಲ,” ಎಂದಳು ಅಕ್ಕ. ನಗಲು ನೋಡಿದಳು. ಮುಖ ಬಿಳಿಚಿತ್ತು.

ಏರಿ ಮುಗಿಯುವಲ್ಲಿ ಅವಳು ಟೆಲಿಸ್ಕೋಪು ನಿಲ್ಲಿಸಿ ಕಣ್ಣಿಟ್ಟಳು. ನಾನು ಅವಳ ಹಿಂದೆ ನಿಂತೆ. ಇನ್ನು ತಡೆಯಲಾಗಲಿಲ್ಲ. ಬೈಯದೆ, ಕೂಗದೆ, ನನ್ನಿಂದ ಎಷ್ಟು ಮೆತ್ತಗೆ ಆಗುತ್ತದೋ ಅಷ್ಟು ಮೆತ್ತಗೆ ಕೇಳಿದೆ: “ಅಕ್ಕಾ, ನಿನಗೆ ಸರಿಯಾಗಿ ಕೇಳಿಸ್ತಿಲ್ಲ, ಅಲ್ವಾ?”

“ಹೂಂ,” ಎಂದಳು ಅಕ್ಕ.

ಒಪ್ಪಿಕೊಂಡಳು! ಬಾಯಿಬಿಟ್ಟು ಒಪ್ಪಿಕೊಂಡುಬಿಟ್ಟಳು! ನಾನು ಅವಳ ಹೆಗಲ ಮೇಲೆ ಕೈಯಿಡಲು ಹೋದೆ.

“ಹೂಂ, ಸರಿ,” ಎಂದು ಅಕ್ಕ ಕಣ್ಣು ತೆಗೆಯದೆಯೇ ಟೆಲಿಸ್ಕೋಪನ್ನು ಸ್ವಲ್ಪ ಬಲಕ್ಕೆ ತಿರುಗಿಸಿದಳು. “ಬೆಳ್ಳಕ್ಕಿ ಹಿಂಡು ನೋಡ್ತೀಯಾ? ಬಾ, ಚೆನ್ನಾಗಿ ಕಾಣ್ತಿದೆ.”

ಕುದುರೆಗೆ ಹೂಂ ಎಂದ ಹಾಗೆಯೇ ಇದಕ್ಕೂ ಎಂದಿದ್ದಳು. ನಾನು ಬಗ್ಗಿ ಕಣ್ಣಿಟ್ಟೆ. ಒಂದು ಬೆಳ್ಳಕ್ಕಿಯೂ ಕಾಣಲಿಲ್ಲ, ನೀರು ತುಂಬಿತ್ತು ಕಣ್ಣಲ್ಲಿ.

ದೋಣಿ ಕೊಟ್ಟಿಗೆಯಲ್ಲಿ ಡಾಂಬರಿನ, ಒದ್ದೆ ಹಗ್ಗದ ವಾಸನೆ. ಎಲ್ಲರೂ ಬಿಸಿಲಿಗೆ ಕಂದಿ, ಬೂಟಿನ ತುಂಬ ಕೆಸರು ಮಾಡಿಕೊಂಡು ಬಂದಿದ್ದರು. ಔಷಧಿ ಅಂಗಡಿಯವನು ನನ್ನ ನೋಡಿ, “ಏನು ಗಿರಗಿಟ್ಲೆ, ಇವತ್ತು ಎಷ್ಟು ಎಲೆ ಎಣಿಸಿದ್ರಿ?” ಎಂದ. ಎಂದಿನ ದಿನವಾಗಿದ್ದರೆ ಅವನ ಚಳಿ ಬಿಡಿಸುತ್ತಿದ್ದೆ. ಸುಮ್ಮನೆ ಕುರ್ಚಿಗೆ ಬಂದು ಕೂತೆ. ಅಕ್ಕ ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ದಿನವೆಲ್ಲ ನಡೆದ ಅವಳ ಬೆನ್ನು ಬೆಚ್ಚಗಿತ್ತು.

ಟಪಾಲಜ್ಜಿ ಕೂಗಲು ಶುರು ಮಾಡಿದಳು. ಅವಳ ದನಿಗೆ ತಗಡಿನ ಮಾಡು ಝಣ್ಣೆನ್ನುತ್ತದೆ. ಕೇಳಿಸಲಿಲ್ಲ ಎನ್ನುವ ಹಾಗೇ ಇಲ್ಲ. “ಕೋಗಿಲೆ!” ಅಕ್ಕನ ಭುಜ ನನ್ನ ಭುಜಕ್ಕೆ ಉಜ್ಜಿ ಮೇಲೆದ್ದಿತು. ನಾನೂ ಎತ್ತಿದೆ. “ಮರಕುಟಿಗ!” ಎತ್ತಿದೆವು. “ಚೇಕಡಿ!” ಎತ್ತಿದೆವು. “ಮಿಂಚುಳ್ಳಿ!” ಅವಳ ಭುಜ ಅಲ್ಲಾಡಲಿಲ್ಲ, ನಾನು ಹೇಳಿರಲಿಲ್ಲವಲ್ಲ. ನಾನೂ ಕೈ ಮಡಿಲಲ್ಲೇ ಇಟ್ಟುಕೊಂಡೆ. ಮುಂದೆ ಏನು ಬರುತ್ತದೆ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

“ಸೂಜಿ!”

ನನ್ನ ಬೆನ್ನ ಹಿಂದೆ ಅಕ್ಕನ ಭುಜ ಮೇಲೆದ್ದಿತು.

ಎತ್ತಿಬಿಡಬಹುದಿತ್ತು ನಾನು. ಎತ್ತುವುದಕ್ಕೆ ಎಷ್ಟು ಹೊತ್ತು? ಎರಡು ಕೈ ಎಂದಾದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಕ್ಕ ಕಿವಿಯಾಗಿಯೇ ಉಳಿಯುತ್ತಾಳೆ, ಸೋಮವಾರ ಬೆಳಿಗ್ಗೆ ಬಸ್ಸು ಹೊರಡುತ್ತದೆ, ಪುಟ್ಟಿ ಓಡಿಹೋಗಿ ಅವಳ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಕೈ ಅರ್ಧ ಎದ್ದೂ ಇತ್ತು. ಆಗ ಕಣ್ಣಮುಂದೆ ಬಂದದ್ದು ನಾನು ನೋಡೇ ಇರದ ಆ ಚೀಲ. ಚಕ್ರದಡಿಯ ಚೀಲ. ಅದನ್ನು ಹೆಗಲಿಗೆ ಹಾಕಿಕೊಂಡ ಮಗು ಕಿರುಚುತ್ತಿದೆ, ಮಗುವಿನ ಮುಖ ಪುಟ್ಟಿಯದು. ನಾನು ಎದ್ದ ಕೈಯನ್ನು ಎಳೆದುಕೊಂಡು ತೊಡೆಯಡಿ ಹಾಕಿ ಅದರ ಮೇಲೆ ಕೂತೆ.

“ಒಂದೇ ಕೈ!” ಎಂದು ಟಪಾಲಜ್ಜಿ ಕೂಗಿದಳು.

ಎಲ್ಲರೂ ಗೊಳ್ಳೆಂದು ನಕ್ಕರು. “ಗಿರಗಿಟ್ಲೆಗೆ ಮತ್ತೆ ಎಲೆ ಹಾಡ್ತು!” ಎಂದರು ಯಾರೋ. ಟಪಾಲಜ್ಜಿ ನಗಲಿಲ್ಲ. ಕನ್ನಡಕ ಮೇಲೆತ್ತಿ ನಮ್ಮ ಕಡೆ ನೋಡಿದಳು. “ಅವಳದಲ್ಲ,” ಎಂದಳು. “ಕಿವಿಯದು.”

ನಗುತ್ತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಅಕ್ಕನ ಬೆನ್ನು ಬಿಗಿಯಾಯಿತು. ಕೈ ಇನ್ನೂ ಮೇಲೆಯೇ ಇತ್ತೆಂದು ನನಗೆ ತಿಳಿಯುತ್ತಿತ್ತು. ತಿರುಗದೆಯೇ ಕೇಳಿದಳು, “ನೀನೇ ಅಲ್ವೇನೇ ಹೇಳಿದ್ದು?”

ನಾನು ಮೆಲ್ಲಗೆ ಏನೋ ಗೊಣಗಿದೆ.

“ಏನು?” ಎಂದಳು ಅಕ್ಕ.

ಅವಳಿಗೆ ಕೇಳಿಸಬೇಕಾದರೆ ಎಲ್ಲರಿಗೂ ಕೇಳಿಸಲೇಬೇಕಿತ್ತು. ಬೇರೆ ದಾರಿಯೇ ಇರಲಿಲ್ಲ. “ಸೂಜಿ ಇರ್ಲಿಲ್ಲ ಅಕ್ಕಾ!” ಎಂದು ಜೋರಾಗಿ ಹೇಳಿದೆ. “ಅಲ್ಲಿ ಏನೂ ಇರ್ಲಿಲ್ಲ. ನಿನಗೆ ಕೇಳಿಸುತ್ತಾ ಅಂತ ನೋಡೋಕೆ ನಾನೇ ಸುಳ್ಳು ಹೇಳ್ದೆ!”

ಹೇಳಿದ ಮೇಲೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಔಷಧಿ ಅಂಗಡಿಯವನು ತನ್ನ ಬೂಟು ನೋಡಿಕೊಳ್ಳತೊಡಗಿದ. ಅಕ್ಕನ ಕೈ ನಿಧಾನವಾಗಿ ಕೆಳಗಿಳಿಯಿತು. ಎದ್ದು ಹೊರಟೇ ಹೋಗುತ್ತಾಳೆ, ಇನ್ನು ಜನ್ಮದಲ್ಲಿ ನನ್ನ ಜೊತೆ ಮಾತಾಡುವುದಿಲ್ಲ ಎಂದುಕೊಂಡೆ. ಅವಳು ಹೋಗಲಿಲ್ಲ.

“ಅಜ್ಜೀ,” ಎಂದಳು, “ಕಾಡಿನ ಹಕ್ಕಿಗಳನ್ನ ಇನ್ನೊಂದ್ಸಲ ಮೊದಲಿಂದ ಕೂಗ್ತೀರಾ? ನಾನು ಸರಿಯಾಗಿ ಎತ್ತಿಲ್ಲ.”

ಟಪಾಲಜ್ಜಿ ಬೇರೇನೂ ಕೇಳಲಿಲ್ಲ. ಮೊದಲಿನಿಂದ ಕೂಗಿದಳು. ಕೋಗಿಲೆಗೆ ಅಕ್ಕನ ಭುಜ ಎದ್ದಿತು. ಮರಕುಟಿಗಕ್ಕೆ ಎದ್ದಿತು. “ಚೇಕಡಿ!” ನಾನು ಎತ್ತಿದೆ. ಬೆನ್ನ ಹಿಂದೆ ಏನೂ ಅಲ್ಲಾಡಲಿಲ್ಲ. “ಒಂದೇ ಕೈ.” ಈ ಸಲ ಅಜ್ಜಿ ಕೂಗಲಿಲ್ಲ, ಸುಮ್ಮನೆ ಹೇಳಿದಳು. ಮುಂದಿನದು ಪೊದೆಯಲ್ಲಿ ಉಲಿಯುವ ಪುಟ್ಟ ಹಕ್ಕಿ. ಒಂದೇ ಕೈ. ಅದರ ಮುಂದಿನದು. ಒಂದೇ ಕೈ. ಸಣ್ಣ ದನಿಯ ಹಕ್ಕಿಗಳೆಲ್ಲ ಒಂದೊಂದಾಗಿ ನಮ್ಮಿಂದ ಹೋದವು. ಪ್ರತಿ ಸಲ ನಾನು ಕೈ ಎತ್ತಬೇಕಿತ್ತು, ಅದಕ್ಕಿಂತ ಭಾರದ ಕೆಲಸ ನಾನು ಮಾಡಿಲ್ಲ. ಅಕ್ಕನ ಬೆನ್ನು ಮಾತ್ರ ಒರಗಿಕೊಂಡೇ ಇತ್ತು, ಒಂದು ಸಲವೂ ನನ್ನ ಬೆನ್ನು ಬಿಡಲಿಲ್ಲ.

ಗೆದ್ದವರು ಔಷಧಿ ಅಂಗಡಿಯವರು. ಈ ಸಲ ಅವರು ಕುಣಿಯಲಿಲ್ಲ.

ವ್ಯಾನಿನಲ್ಲಿ ಅಕ್ಕ ಕೀಲಿ ಹಾಕಿ ತಿರುಗಿಸದೆ ಕೂತಳು. ಎದುರಿಗೆ ಜೌಗಿನ ಮೇಲೆ ಸಂಜೆಯ ಕೆಂಪು ಬೆಳಕಿತ್ತು. ನಾನು ಕಿಟಕಿಯ ಗಾಜು ಇಳಿಸಿದೆ, ಏರಿಸಿದೆ, ಮತ್ತೆ ಇಳಿಸಿದೆ.

“ಆ ಗಾಜಿನ ಪ್ರಾಣ ತೆಗೀಬೇಡ,” ಎಂದಳು.

“ಬೈಯಕ್ಕಾ ನನಗೆ. ಎರಡು ಬಾರಿಸು.”

ಅಕ್ಕ ಬೈಯಲಿಲ್ಲ. “ಹೋದ ವಸಂತದಲ್ಲೇ ಸೂಜಿ ನಿಂತುಹೋಯ್ತು,” ಎಂದಳು. “ನಾನು ಹಕ್ಕಿ ಹೋಯ್ತು ಅಂದ್ಕೊಂಡೆ ಕಣೇ. ದೇವರಾಣೆಗೂ. ಹಕ್ಕಿಗಳೇ ಬಂದಿಲ್ಲ, ಕಾಡು ಹಾಳಾಯ್ತು ಅಂತ ಅತ್ತಿದೀನಿ. ಪಾಪ, ಆ ಕಾರ್ಖಾನೆಯವರಿಗೆ ಬೈದು ಬಂದೆ. ಆಮೇಲೆ ಚೇಕಡಿ ಹೋಯ್ತು. ಅದೂ ಕಡಿಮೆ ಆಗಿದೆ ಅಂದ್ಕೊಂಡೆ. ಒಂದಿನ ಕಿಟಕಿ ಹೊರಗೆ ಒಂದು ಚೇಕಡಿ ಕೂತಿತ್ತು. ಕೊಕ್ಕು ತೆರೀತಿತ್ತು, ಮುಚ್ತಿತ್ತು. ಏನೂ ಕೇಳಿಸ್ಲಿಲ್ಲ. ದಪ್ಪ ದನಿ ದೂರದ್ದಾದ್ರೂ ಕೇಳುತ್ತೆ, ಸಣ್ಣ ಚೂಪು ದನಿ ಮಾತ್ರ ಹತ್ತಿರದ್ದೂ ಇಲ್ಲ.”

“ಆಗಲೇ ಹೇಳೋದಲ್ವಾ?”

“ಹೇಳಿದ್ರೆ ಬಸ್ಸು?”

ಕಿವಿಗೆ ಹಾಕುವ ಯಂತ್ರ ಬಂದಿದೆ, ಈಗೆಲ್ಲ ಕಾಣಿಸುವುದೂ ಇಲ್ಲ, ನಾಳೆಯೇ ಹೋಗೋಣ ಎಂದು ಏನೇನೋ ಬಡಬಡಿಸಿದೆ. ಅವಳು ನನ್ನ ತುಟಿಯನ್ನೇ ನೋಡುತ್ತ ತಲೆಯಾಡಿಸಿದಳು.

“ನೋಡೋಣ. ಸೋಮವಾರ ಶಾಲೆಗೆ ಹೋಗಿ ನಾನೇ ಹೇಳ್ತೀನಿ. ಬಸ್ ಎತ್ತಲ್ಲ.” ಆಮೇಲೆ ಪೂರ್ತಿ ನನ್ನ ಕಡೆ ತಿರುಗಿದಳು. “ಒಂದು ಕೇಳ್ಲಾ? ಪುಟ್ಟಿ ದಿನಾ ನನ್ನ ಬೆನ್ನಿಗೆ ಏನೋ ಮಾತಾಡ್ತಾಳಲ್ಲ. ಕನ್ನಡೀಲಿ ಬಾಯಿ ಆಡೋದು ಕಾಣುತ್ತೆ. ನಾನು ಹೂಂ ಅಂತೀನಿ. ಏನಂತಾಳೆ ಅವಳು?”

ನನಗೆ ಅಳು ಒತ್ತರಿಸಿ ಬಂತು. ತಡೆದುಕೊಂಡು ಜೋರಾಗಿ ಹೇಳಿದೆ: “ಬಸ್ಸಿನ ಹಿಂದಿನ ಸೀಟಲ್ಲಿ ಕುದುರೆ ಸಾಕೋಣ್ವಾ ಅಂತ ಕೇಳಿದ್ಲು!”

“ಕುದುರೆನಾ?”

“ಕುದುರೆ!”

“ನಾನು ಹೂಂ ಅಂದ್ನಾ?”

“ಅಂದಿದೀಯ.”

ಅಕ್ಕ ನಗಲು ಶುರು ಮಾಡಿದಳು. ನಗುತ್ತ ನಗುತ್ತ ಹಣೆಯನ್ನು ಸ್ಟೀರಿಂಗ್ ಚಕ್ರಕ್ಕೆ ಒರಗಿಸಿದಳು, ಭುಜ ಕುಲುಕುತ್ತಿತ್ತು, ನಗುವೋ ಏನೋ ನನಗೆ ತಿಳಿಯಲಿಲ್ಲ. ತಲೆಯೆತ್ತಿ ಮುಂಗೈಯಿಂದ ಮುಖ ಒರೆಸಿಕೊಂಡಳು.

“ಇನ್ನೇನೇನಕ್ಕೆ ಹೂಂ ಅಂದಿದೀನಿ, ಎಲ್ಲಾ ಹೇಳು,” ಎಂದಳು. “ಜೋರಾಗಿ ಹೇಳು.”

ನಾನು ಅವಳ ಕಡೆ ಮುಖ ತಿರುಗಿಸಿ, ಪುಟ್ಟಿ ಮನೆಗೆ ಬಂದು ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ಹೇಳತೊಡಗಿದೆ.